ದೊರೆ ಎಮೆರಿಯ ಸರದಿ

ಹಿಮಾಯತ್‌ನಗರ

ಇಪ್ಪತ್ತು ವರ್ಷ ಫ್ರೆಂಚ್ ಕಲಿಸಿದವಳು ನಾನು. ಆದರೂ ಫ್ರಾನ್ಸ್ ಕಂಡಿರಲಿಲ್ಲ. ಹಿಮಾಯತ್‌ನಗರದ ಮುಖ್ಯರಸ್ತೆಯಲ್ಲಿ, ಕೆಳಗೆ ಸೀರೆ ಅಂಗಡಿ, ಪಕ್ಕದಲ್ಲಿ ಹಲ್ಲಿನ ಡಾಕ್ಟರು ಇರುವ ಹಳೆಯ ಕಟ್ಟಡದ ಮಹಡಿಯ ಮೇಲೆ ನಮ್ಮ ತರಗತಿ ನಡೆಯುತ್ತಿತ್ತು. ಮೊದಲೆಲ್ಲ ಬರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಕವಿತೆ ಓದಬೇಕೆನ್ನುವವರು, ಪಾಂಡಿಚೇರಿಯಲ್ಲಿ ನೆಂಟರಿದ್ದವರು, ಸುಮ್ಮನೆ ಹೊತ್ತು ಕಳೆಯಬೇಕಾದವರು. ಆಮೇಲೆ ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದವು. ನೋಡನೋಡುತ್ತಿದ್ದಂತೆ ತರಗತಿಯಲ್ಲಿ ಕೂರಲು ಜಾಗವಿಲ್ಲದಂತಾಯಿತು. ಕೊರಳಿಗೆ ಕಂಪನಿಯ ಗುರುತುಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಬಂದು, "ಮೇಡಂ, ಕಸ್ಟಮರ್ ಹತ್ತಿರ ಮಾತಾಡುವಷ್ಟು ಬಂದರೆ ಸಾಕು" ಎನ್ನುತ್ತಿದ್ದರು.

ಅದೇ ಗಾಜಿನ ಕಟ್ಟಡಗಳು ನಮ್ಮ ಮನೆಯೊಳಕ್ಕೂ ಬಂದವು. ನಮ್ಮ ಅಜ್ಜ ಕಲಬುರಗಿಯ ಕಡೆಯಿಂದ ನಿಜಾಮರ ಕಂದಾಯ ಇಲಾಖೆಯ ನೌಕರಿಗೆಂದು ಹೈದರಾಬಾದಿಗೆ ಬಂದವರು. ಊರಿನಿಂದ ದೂರ, ದೊಡ್ಡ ದೊಡ್ಡ ಬಂಡೆಗಳ ನಡುವೆ ಒಂದಿಷ್ಟು ಜಮೀನು ಕೊಂಡಿದ್ದರು. ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ತಾನಾಗಿ ಎದ್ದ ಸೀತಾಫಲದ ಗಿಡಗಳಿದ್ದವು, ಅಷ್ಟೇ. ನಮ್ಮ ಮನೆಯಲ್ಲಿ ಅದನ್ನು ಆಸ್ತಿ ಎಂದು ಯಾರೂ ಕರೆದ ನೆನಪಿಲ್ಲ. ಈಗ ಅದರ ಎದುರಿಗೇ ಅಗಲವಾದ ರಸ್ತೆಯಾಗಿ, ಒಬ್ಬ ಬಿಲ್ಡರ್ ಕೊಳ್ಳುತ್ತೇನೆಂದು ಬಂದು ಕೂತಿದ್ದ.

ನಾವು ಮೂವರು. ಸರೋಜಕ್ಕ ದೊಡ್ಡವಳು, ಆಮೇಲೆ ಶ್ರೀಧರಣ್ಣ, ಕೊನೆಯವಳು ನಾನು, ಉಷಾ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ ಕಾನೂನು ನಮ್ಮ ರಾಜ್ಯದಲ್ಲಿ ಬಂದಾಗ, ಅದು ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ ಅನ್ವಯಿಸಿತು. ನನಗೆ ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅಕ್ಕನಿಗೆ ಓದು ಮುಗಿಯುವ ಮೊದಲೇ ಆಗಿಹೋಗಿತ್ತು. ಹೀಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ನನಗೆ ಅಣ್ಣನಷ್ಟೇ ಪಾಲು, ಅಕ್ಕನಿಗೆ ತೀರಿಹೋದ ಅಪ್ಪನ ಪಾಲಿನಲ್ಲಿ ಒಂದು ಚೂರು.

ಇದು ಸರಿಯಲ್ಲ ಎಂದು ಅಣ್ಣನಿಗೆ ಹೇಳಿದ್ದೆ. "ಕಾನೂನು ನಾ ಮಾಡೀನೇನು?" ಎಂದಿದ್ದ. "ಅಕ್ಕ ಸಹಿ ಹಾಕತಾಳ ಬಿಡು. ಅಕಿ ಎಂದಾರ ಏನರ ಬೇಡ್ಯಾಳೇನು?"

ನನ್ನದರಲ್ಲಿ ಅರ್ಧ ನಿನಗೆ ಎಂದು ಅಕ್ಕನಿಗೂ ಹೇಳಿದ್ದೆ. ಅವಳು "ನಿನ್ನದು ನೀ ಇಟ್ಕೋ" ಎಂದು ಮಾತು ಬದಲಿಸಿದ್ದಳು.

ಆ ಹೊತ್ತಿಗೆ ಮಾದಾಮ್ ಓದೆತ್ ನನ್ನನ್ನು ತಮ್ಮ ಊರಿಗೆ ಕರೆದರು. ಹಿಂದೊಮ್ಮೆ ನಮ್ಮ ತರಗತಿಗೆ ಅತಿಥಿ ಶಿಕ್ಷಕಿಯಾಗಿ ಬಂದು ನಮ್ಮ ಮನೆಯಲ್ಲೇ ಉಳಿದಿದ್ದವರು. ಈಗ ನಿವೃತ್ತರಾಗಿ, ಫ್ರಾನ್ಸಿನ ಪಶ್ಚಿಮದ ವಾಲ್‌ಬ್ರೂನ್ ಎಂಬ ಪುಟ್ಟ ಊರಿನಲ್ಲಿ, ಹಳೆಯ ಕೋಟೆ ಮತ್ತು ಚರ್ಚು ನೋಡಲು ಬಂದವರಿಗೆ ಅವುಗಳ ಕಥೆ ಹೇಳುತ್ತಿದ್ದರು. ಅಕ್ಕನನ್ನೂ ಹೊರಡಿಸಿದೆ. ಭಾವ ಕುಷಾಯಿಗೂಡದ ಹತ್ತಿರದ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಹಿಂದಿನ ವರ್ಷ ತೀರಿಕೊಂಡಿದ್ದರು. ಅಂದಿನಿಂದ ಅಕ್ಕ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

"ಅಲ್ಲಿ ಬಂದು ನಾ ಏನ ಮಾಡ್ಲಿ? ನನಗ ಮಾತು ಬರಂಗಿಲ್ಲ, ಮಂದಿ ಗೊತ್ತಿಲ್ಲ" ಎಂದಳು. ಮರುದಿನ ಸುಲ್ತಾನ್ ಬಜಾರಿಗೆ ಹೋಗಿ ಎರಡು ಸ್ವೆಟರ್ ತಂದಿಟ್ಟುಕೊಂಡಿದ್ದಳು.

ಪ್ಯಾರಿಸ್ಸಿನ ರೈಲು

ನನ್ನ ಗರ್ವ ಇಳಿದದ್ದು ಪ್ಯಾರಿಸ್ಸಿನ ರೈಲು ನಿಲ್ದಾಣದಲ್ಲಿ. ಟಿಕೆಟ್ ಕೊಡುವ ಹೆಂಗಸಿನ ಮುಂದೆ ನಿಂತು, ವ್ಯಾಕರಣಕ್ಕೆ ಎಲ್ಲೂ ಕುಂದು ಬಾರದ ಹಾಗೆ ಒಂದು ಉದ್ದನೆಯ ವಾಕ್ಯ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ನಾನು ಮತ್ತೆ ಫ್ರೆಂಚಿನಲ್ಲಿ ಕೇಳಿದೆ. ಆಕೆ ಮತ್ತೆ ಇಂಗ್ಲಿಷಿನಲ್ಲೇ ಹೇಳಿದಳು. ಹಿಂದೆ ನಿಂತ ಅಕ್ಕನಿಗೆ ಭಾಷೆ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. "ಇರ್ಲಿ ಬಿಡು, ಟಿಕೆಟ್ ಸಿಕ್ತಲ್ಲ" ಎಂದು ಬೆನ್ನು ಸವರಿದಳು.

ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮಲ್ಲಿ ಸಿಕಂದರಾಬಾದಿನಿಂದ ವಾಡಿಗೆ ಹೋಗುವಷ್ಟರಲ್ಲಿ ಎದುರಿಗಿದ್ದವರ ಮಗಳಿಗೆ ಗಂಡು ಹುಡುಕುವಷ್ಟು ಬಳಕೆಯಾಗಿರುತ್ತದೆ. ಇಲ್ಲಿ ಪುಸ್ತಕದ ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಕ್ಕ ಕಟಕ ರೊಟ್ಟಿಯ ಗಂಟು ಬಿಚ್ಚಿದಳು. ಒಣಗಿದ ಜೋಳದ ರೊಟ್ಟಿ ಮುರಿದ ಸದ್ದಿಗೆ ಇಡೀ ಬೋಗಿಯೇ ತಿರುಗಿ ನೋಡಿತು. ಅವಳು ಮುಂದಿನ ತುತ್ತನ್ನು ಬಾಯಲ್ಲೇ ನೆನೆಸಿಕೊಂಡು ತಿಂದಳು.

ವಾಲ್‌ಬ್ರೂನ್‌ಗೆ ಹೋಗಲು ಒಂದು ಚಿಕ್ಕ ರೈಲಿಗೆ ಬದಲಾಯಿಸಬೇಕಿತ್ತು. ಅದು ನಿಂತಿತು. ನಾವಿಬ್ಬರೂ ಪೆಟ್ಟಿಗೆ ಹಿಡಿದು ಬಾಗಿಲ ಮುಂದೆ ನಿಂತೆವು. ಬಾಗಿಲು ತೆರೆಯಲಿಲ್ಲ. ಗಾಜಿನಾಚೆ ಬಿಳಿಗೂದಲಿನ ಮಾದಾಮ್ ಓದೆತ್ ಕೈಬೀಸುತ್ತಿದ್ದರು, ನಾವೂ ಬೀಸಿದೆವು. ಅವರು ಬೆರಳಿನಿಂದ ಏನನ್ನೋ ಒತ್ತುವ ಸನ್ನೆ ಮಾಡುತ್ತಿರುವಾಗಲೇ ರೈಲು ಹೊರಟಿತು. ಬಾಗಿಲ ಪಕ್ಕದ ಗುಂಡಿ ಒತ್ತಿದರೆ ಮಾತ್ರ ಅದು ತೆರೆಯುತ್ತದೆಂದು ನಮಗೆ ಗೊತ್ತಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಗುಂಡಿ ಒತ್ತಿ ಇಳಿದೆವು. ಮಾದಾಮ್ ತಮ್ಮ ಹಳೆಯ ಕಾರಿನಲ್ಲಿ ಹಿಂದೆಯೇ ಬಂದು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತ ಇಬ್ಬರನ್ನೂ ತಬ್ಬಿಕೊಂಡರು. ಭಾವ ಹೋದ ಮೇಲೆ ಅಕ್ಕ ಸದ್ದು ಮಾಡಿ ನಕ್ಕದ್ದನ್ನು ಅವತ್ತೇ ಕೇಳಿದೆ.

ವಾಲ್‌ಬ್ರೂನ್

ಊರೆಂದರೆ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಮುರಿದ ಕೋಟೆ, ಬುಡದಲ್ಲಿ ನದಿ, ನಡುವೆ ಬೂದುಬಣ್ಣದ ಕಲ್ಲಿನ ಮನೆಗಳು. ಮಧ್ಯಾಹ್ನವಾದರೆ ಎಲ್ಲ ಅಂಗಡಿಗಳೂ ಮುಚ್ಚುತ್ತವೆ. ಬ್ರೆಡ್ ಅಂಗಡಿಗೆ ಹೋದವರು ಮೊದಲು ಅಲ್ಲಿದ್ದ ಎಲ್ಲರಿಗೂ "ಬೊಂಜೂರ್" ಎಂದು ವಂದಿಸಬೇಕು, ಆಮೇಲೇ ಬ್ರೆಡ್ ಕೇಳಬೇಕು. ಅಕ್ಕ ಆ ಒಂದು ಪದವನ್ನು ಮೊದಲ ದಿನವೇ ಕಲಿತಳು. ಕೈಜೋಡಿಸಿ ಅದನ್ನು ಹೇಳುತ್ತಿದ್ದಳು. ಬೇಕರಿಯ ಹೆಂಗಸೂ ಎರಡನೆಯ ದಿನದಿಂದ ಕೈಜೋಡಿಸತೊಡಗಿದಳು. ನನ್ನ ಉದ್ದನೆಯ ವಾಕ್ಯಗಳಿಗೆ ಸಿಗದ ನಗು ಅಕ್ಕನಿಗೆ ಸಿಕ್ಕಿತು.

ಮಾದಾಮ್ ಅವರ ಬೀದಿಯಲ್ಲಿ ಒಂದು ಚೆಂದದ ಮನೆಯ ಕಿಟಕಿಗಳಿಗೆಲ್ಲ ಮರದ ಹಲಗೆ ಮುಚ್ಚಿತ್ತು. ಚಾವಣಿಯ ಹಂಚು ಜಾರಿ ಬಿದ್ದಿತ್ತು.

"ಯಾರೂ ಇಲ್ಲವೆ?" ಎಂದೆ.

"ತುಂಬ ಜನ ಇದ್ದಾರೆ, ಅದೇ ತೊಂದರೆ" ಎಂದರು ಮಾದಾಮ್. "ನಮ್ಮ ಕಾನೂನಿನಲ್ಲಿ ಈಗ ಎಲ್ಲ ಮಕ್ಕಳಿಗೂ ಸಮಪಾಲು. ಆದರೆ ಆ ಮನೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮಾರುವುದಕ್ಕೂ ಒಪ್ಪುವುದಿಲ್ಲ, ಬಂದು ಇರುವುದಕ್ಕೂ ಒಪ್ಪುವುದಿಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಕ್ಕ ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತಳು.

ಗುಡ್ಡದ ಮೇಲೆ

ಮರುದಿನ ಕೋಟೆಗೆ ಹತ್ತಿದೆವು. ನಮ್ಮ ಗೋಲ್ಕೊಂಡ ಕಂಡವರಿಗೆ ಇದೊಂದು ಕೋಟೆಯೇ ಎನ್ನಿಸಬೇಕು, ಅಷ್ಟು ಚಿಕ್ಕದು. ಒಂದು ದಪ್ಪ ಗೋಪುರ, ಒಳಗೆ ಹುಲ್ಲು ಬೆಳೆದ ಅಂಗಳ, ಹೆಬ್ಬಾಗಿಲ ಮೇಲೆ ಒಂದು ಕೋಣೆ. ಗಾಳಿ ಚಳಿಯಾಗಿತ್ತು. ಅಕ್ಕ ಎರಡೂ ಸ್ವೆಟರ್‌ಗಳನ್ನು ಒಂದರ ಮೇಲೊಂದು ಹಾಕಿಕೊಂಡು, ಸೆರಗನ್ನು ಕಿವಿಯ ಮೇಲೆ ಹೊದ್ದು ಒಂದು ಕಲ್ಲಿನ ಮೇಲೆ ಕುಳಿತಳು. ಮಾದಾಮ್ ನಿಂತುಕೊಂಡೇ ಈ ಕೋಟೆಯ ದೊರೆ ಎಮೆರಿಯ ಕಥೆ ಹೇಳಿದರು. ಅವರು ಒಂದಿಷ್ಟು ಹೇಳುವುದು, ನಾನು ಕನ್ನಡಕ್ಕೆ ತರುವುದು, ಹೀಗೆ ಸಾಗಿತು.

ನೂರಾರು ವರ್ಷಗಳ ಹಿಂದೆ ಈ ಸೀಮೆಯ ದೊರೆತನಕ್ಕೆ ಒಂದು ವಿಚಿತ್ರ ಕಟ್ಟಳೆ ಇತ್ತಂತೆ. ದೊರೆ ಸತ್ತರೆ ಪಟ್ಟ ಅವನ ಮಗನಿಗೆ ಹೋಗುವುದಿಲ್ಲ. ಸತ್ತವನ ತಮ್ಮನಿಗೆ ಹೋಗುತ್ತದೆ. ಆ ತಮ್ಮ ಸತ್ತರೆ ಇನ್ನೊಬ್ಬ ತಮ್ಮನಿಗೆ. ಹೀಗೆ ಅಣ್ಣತಮ್ಮಂದಿರೆಲ್ಲ ಒಬ್ಬೊಬ್ಬರಾಗಿ ಆಳಿ ಮುಗಿದ ಮೇಲೆ, ಅದು ತಿರುಗಿ ಹಿರಿಯಣ್ಣನ ಹಿರಿಯ ಮಗನಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಅವನು ಬದುಕಿದ್ದರೆ.

ಎಮೆರಿ ಹಾಗೆ ಹಿರಿಯಣ್ಣನ ಹಿರಿಯ ಮಗ. ಇನ್ನೂ ಕುದುರೆ ಏರಲು ಬಾರದ ವಯಸ್ಸಿನಲ್ಲಿ ಅಪ್ಪನನ್ನು ಜ್ವರ ತೆಗೆದುಕೊಂಡು ಹೋಯಿತು. ಅವನಿಗೆ ಆಗ್ನೆಸ್ ಎಂಬ ಅಕ್ಕ, ಜೋಫ್ರುವಾ ಎಂಬ ತಮ್ಮ ಇದ್ದರು. ಅಪ್ಪನ ಕುರ್ಚಿಯ ಮೇಲೆ ದೊಡ್ಡ ಚಿಕ್ಕಪ್ಪ ಬಂದು ಕುಳಿತ. ಆತ ಒಳ್ಳೆಯವನು. ಹುಡುಗನಿಗೆ ಕುದುರೆ ಸವಾರಿ ಕಲಿಸಿದ, ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ. ಅವನು ಸತ್ತ ಮೇಲೆ ಎರಡನೆಯ ಚಿಕ್ಕಪ್ಪ ಬಂದ. ಇವನಿಗೆ ಹರೆಯಕ್ಕೆ ಬಂದ ಎಮೆರಿಯನ್ನು ಕಂಡರೆ ಅನುಮಾನ. ತನ್ನ ಸಾವನ್ನು ಕಾಯುವವನು ಕಣ್ಣೆದುರು ಓಡಾಡುತ್ತಿದ್ದಾನೆ ಎನ್ನಿಸಿರಬೇಕು. ಧರ್ಮಯುದ್ಧಕ್ಕೆಂದು ಅವನನ್ನು ಸಮುದ್ರದಾಚೆ ಕಳಿಸಿಬಿಟ್ಟ.

"ಸಾಯ್ಲಿ ಅಂತ ಕಳಿಸಿದ" ಎಂದಳು ಅಕ್ಕ. ನಾನು ಅದನ್ನು ಫ್ರೆಂಚಿಗೆ ತಂದೆ. ಮಾದಾಮ್ ತಲೆಯಾಡಿಸಿದರು.

ಎಮೆರಿ ಸಾಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕುಂಟುತ್ತ ಮರಳಿದ. ಅಷ್ಟರಲ್ಲಿ ಎರಡನೆಯ ಚಿಕ್ಕಪ್ಪ ಹೋಗಿ ಮೂರನೆಯವನು ಕುಳಿತಿದ್ದ. ಈ ಮೂರನೆಯವನದು ಗಟ್ಟಿ ಆಯುಷ್ಯ. ಎಮೆರಿಗೆ ಅದೇ ಕೋಟೆಯ ಹೆಬ್ಬಾಗಿಲ ಮೇಲಿನ ಕೋಣೆ ಕೊಟ್ಟರು. ತಾನು ಹುಟ್ಟಿದ ಮನೆಯಲ್ಲಿ ಬಾಗಿಲು ಕಾಯುವವನ ಹಾಗೆ ಅವನ ನಡುವಯಸ್ಸೆಲ್ಲ ಕಳೆಯಿತು. ಕೈಯಲ್ಲಿ ಏನೂ ಇಲ್ಲದ, ಯಾವಾಗ ಬರುತ್ತದೆಂದೂ ಗೊತ್ತಿಲ್ಲದ ವಾರಸುದಾರನಿಗೆ ಯಾವ ಮನೆಯವರೂ ಹೆಣ್ಣು ಕೊಡಲಿಲ್ಲ. ಚಿಕ್ಕಪ್ಪನ ಪರವಾಗಿ ಅವನು ಯುದ್ಧಗಳಿಗೆ ಹೋದ. ಒಮ್ಮೆಯೂ ತಿರುಗಿ ಬೀಳಲಿಲ್ಲ. ಕೊನೆಗೆ ಪಟ್ಟ ಬಂದಾಗ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

ನನಗೆ ನಮ್ಮ ಕಲಬುರಗಿಯ ಸಾತ್ ಗುಂಬಜ್ ನೆನಪಾಯಿತು. ಅಲ್ಲಿ ಮಲಗಿರುವ ಬಹಮನಿ ಸುಲ್ತಾನರ ವಂಶದಲ್ಲಿ ಕಾಯುವಷ್ಟು ತಾಳ್ಮೆ ಯಾರಿಗಿತ್ತು? ಅಣ್ಣ ತಮ್ಮಂದಿರು, ಚಿಕ್ಕಪ್ಪ ಮಕ್ಕಳು ಒಬ್ಬರ ಕಣ್ಣು ಒಬ್ಬರು ಕೀಳಿಸಿದ ಕಥೆಗಳನ್ನೇ ಅಜ್ಜ ನಮಗೆ ಹೇಳುತ್ತಿದ್ದರು. ಮಾದಾಮ್‌ಗೆ ಅದನ್ನು ಹೇಳಿದೆ. "ಇಲ್ಲಿಯೂ ಬೇಕಾದಷ್ಟು ನಡೆದಿದೆ. ಅದಕ್ಕೇ ಎಮೆರಿಯನ್ನು ನೆನೆಯುತ್ತೇವೆ" ಎಂದರು.

ಹೆಬ್ಬಾಗಿಲ ಮೇಲಿನ ಕೋಣೆಗೆ ಹೋಗಿ ನೋಡಿದೆವು. ಒಂದೇ ಕಿಟಕಿ. ಅಲ್ಲಿಂದ ಕಾಣುವುದು ಕೋಟೆಯ ಅಂಗಳವಲ್ಲ, ಕೆಳಗಿನ ನದಿ ಮತ್ತು ಅದರ ದಡದ ಒಂದು ಹಾಳು ಗೋಡೆ.

"ಅದು ಯಾರ ಮನಿ?" ಎಂದು ಅಕ್ಕ ಕೇಳಿದಳು.

"ಆಗ್ನೆಸ್‌ಳದು" ಎಂದರು ಮಾದಾಮ್. "ಮಧ್ಯಾಹ್ನ ಊಟದ ನಂತರ ಅಲ್ಲಿಗೇ ಹೋಗೋಣ."

ನದಿಯ ದಡ

ಊಟದಲ್ಲಿ ಸಣ್ಣ ಅವಾಂತರವಾಯಿತು. ಕೋಸಿನ ಸೂಪು ಎಂದು ಹೋಟೆಲಿನವಳು ತಂದಿಟ್ಟಳು. ಮಾಂಸ ಇದೆಯೇ ಎಂದು ನಾನು ಕೇಳಿದ್ದೆ. ಇಲ್ಲ ಎಂದಿದ್ದಳು. ಚಮಚ ಹಾಕಿದರೆ ಹಂದಿಯ ಕೊಬ್ಬಿನ ಚಿಕ್ಕ ಚಿಕ್ಕ ತುಂಡುಗಳು ತೇಲಿ ಬಂದವು. ಕರೆದು ತೋರಿಸಿದರೆ, "ಅದು ಮಾಂಸವಲ್ಲ, ರುಚಿಗೆ" ಎಂದಳು. ಅಕ್ಕ ಸೂಪನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬ್ರೆಡ್ಡಿನ ಮೇಲೆ ಊರಿನಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದಳು. ಮಾದಾಮ್ ತಾವೂ ಒಂದಿಷ್ಟು ಹಾಕಿಸಿಕೊಂಡು, ಕೆಮ್ಮಿ, ಇನ್ನೊಂದಿಷ್ಟು ಕೇಳಿದರು.

ನದಿಯ ದಡದಲ್ಲಿ ಉಳಿದಿರುವುದು ಮೊಣಕಾಲೆತ್ತರದ ಗೋಡೆ ಮತ್ತು ಹಿಟ್ಟಿನ ಗಿರಣಿಯ ಒಂದು ಬೀಸುಕಲ್ಲು. ಆಗ್ನೆಸ್‌ಳನ್ನು ಎಳೆಯ ವಯಸ್ಸಿನಲ್ಲೇ ಬೇರೆ ಊರಿನ ಒಬ್ಬ ಸರದಾರನಿಗೆ ಮದುವೆ ಮಾಡಿ ಕಳಿಸಿದ್ದರಂತೆ. ಗಂಡ ಸತ್ತ. ಮಕ್ಕಳಿರಲಿಲ್ಲವಾದ್ದರಿಂದ ಅಲ್ಲಿಯವರು ಉಳಿಸಿಕೊಳ್ಳಲಿಲ್ಲ. ತವರಿಗೆ ಬಂದರೆ, ಮದುವೆಯಾಗಿ ಹೋದವಳಿಗೆ ಕೋಟೆಯಲ್ಲಿ ಜಾಗವಿಲ್ಲವೆಂದು ಚಿಕ್ಕಪ್ಪ ಈ ಗಿರಣಿಯ ಪಕ್ಕದ ಮನೆ ತೋರಿಸಿದ. ಅವಳ ತಾಯಿಗೆ ತವರಿನಿಂದ ಬಂದಿದ್ದ ಒಂದು ದ್ರಾಕ್ಷಿತೋಟ ಎದುರಿನ ಇಳಿಜಾರಿನಲ್ಲೇ ಇತ್ತು. ಅದನ್ನೂ ಚಿಕ್ಕಪ್ಪಂದಿರು ಕೋಟೆಯ ಆಸ್ತಿಯೊಳಗೆ ಸೇರಿಸಿಕೊಂಡಿದ್ದರು. ಮೇಲೆ ಕಿಟಕಿಯಲ್ಲಿ ಎಮೆರಿ, ಕೆಳಗೆ ನೀರಿನ ಹತ್ತಿರ ಆಗ್ನೆಸ್. ವರ್ಷಗಟ್ಟಲೆ ಇಬ್ಬರೂ ಹಾಗೇ ಇದ್ದರು.

ಅಕ್ಕ ಆ ಗೋಡೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು: "ನನ್ನ ಮದುವಿ ಆದ ದಿನ ಅಪ್ಪ, ಇನ್ನ ನೀ ಆ ಮನಿಯಾಕಿ ಅಂದ್ರು. ಛಲೋ ಮಾತ ಅಂದ್ರು, ಪ್ರೀತೀಲೇ ಅಂದ್ರು. ಆದ್ರ ಆವತ್ತಿಂದ ನಮ್ಮ ಮನ್ಯಾಗ ಏನ ಆದ್ರೂ ನನಗ ಆದ ಮ್ಯಾಲೇ ಗೊತ್ತಾತು. ಬಾವಿ ಮುಚ್ಚಿದ್ದು ಮುಚ್ಚಿದ ಮ್ಯಾಲೆ ನೋಡ್ದೆ. ನಾ ಹುಟ್ಟಿದ ಕ್ವಾಣಿ ಕೆಡವಿ ಅಂಗಡಿ ಮಾಡಿದ್ದನ್ನ, ಉಗಾದಿಗೆ ಬಂದಾಗ ನೋಡ್ದೆ."

"ಆವತ್ತು ಏನೂ ಅನ್ಲಿಲ್ಲಲ್ಲ ಅಕ್ಕಾ."

"ಏನಂತ ಅನ್ಲಿ? ಹಬ್ಬಕ್ಕ ಕರದಾರ, ಸೀರಿ ಉಡಿಸ್ಯಾರ. ಅಂಥಾದ್ರಾಗ ಕ್ವಾಣಿ ಎಲ್ಲಿ ಅಂತ ಕೇಳ್ಲೇನು?"

ಮಾದಾಮ್‌ಗೆ ನಾನು ಅದನ್ನು ಅನುವಾದಿಸಲಿಲ್ಲ. ಅವರೂ ಕೇಳಲಿಲ್ಲ.

ಮಠದ ಚರ್ಚು

ಊರಿನ ಕೊನೆಗೆ ಹಳೆಯ ಮಠದ ಚರ್ಚು. ಹೊರಗೆ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ಮೂಳೆಗೆ ತಾಗುವ ತಂಪು. ಬಲಗಡೆಯ ಮೂಲೆಯಲ್ಲಿ ಒಂದು ಕಲ್ಲಿನ ಸಮಾಧಿ. ಅದರ ಮೇಲೆ ಗಡ್ಡದ ಗಂಡಸೊಬ್ಬ, ತಲೆಗೆ ಮುಸುಕು ಹೊದ್ದ ಹೆಂಗಸೊಬ್ಬಳು, ಕೈಜೋಡಿಸಿ ಪಕ್ಕಪಕ್ಕದಲ್ಲಿ ಮಲಗಿದ್ದಾರೆ. ಮೂಗುಗಳು ಸವೆದುಹೋಗಿವೆ.

"ನೋಡಲು ಬಂದವರೆಲ್ಲ ಗಂಡ ಹೆಂಡತಿ ಎಂದುಕೊಳ್ಳುತ್ತಾರೆ" ಎಂದರು ಮಾದಾಮ್. "ಇವರು ಎಮೆರಿ ಮತ್ತು ಆಗ್ನೆಸ್."

ಪಟ್ಟಕ್ಕೆ ಬಂದ ಎಮೆರಿ, ತನ್ನ ಅಪ್ಪನ ಆತ್ಮಶಾಂತಿಗೆಂದು ಈ ಮಠಕ್ಕೆ ಒಂದು ಕಾಡನ್ನು ದಾನ ಕೊಡಬೇಕೆಂದುಕೊಂಡ. ಆ ಕಾಲದಲ್ಲಿ ಹಾಗೆ ಕೊಡುವಾಗ ರಕ್ತಸಂಬಂಧಿಗಳ ಒಪ್ಪಿಗೆ ಕೇಳುವ ಪದ್ಧತಿಯಿತ್ತು. ಚಿಕ್ಕಪ್ಪಂದಿರು ದಾನ ಕೊಟ್ಟಾಗೆಲ್ಲ ಗಂಡಸರನ್ನು ಮಾತ್ರ ಕೇಳಿದ್ದರು. ಎಮೆರಿ ಹಾಗೆ ಮಾಡಲಿಲ್ಲ. ಮಠಾಧಿಪತಿ, ಸರದಾರರು, ಊರವರು ಎಲ್ಲ ಸೇರಿದ ದಿನ ಮೊದಲು ತಮ್ಮ ಜೋಫ್ರುವಾನನ್ನು ಕೇಳಿದ. ಕಟ್ಟಳೆಯ ಪ್ರಕಾರ ಎಮೆರಿಯ ನಂತರದ ಸರದಿ ಅವನದೇ. ಅವನು ಕೂಡಲೇ ಒಪ್ಪಿದ. ಆಮೇಲೆ ಎಮೆರಿ ಕೆಳಗಿನ ಮನೆಯಿಂದ ಕರೆಸಿದ್ದ ಅಕ್ಕನ ಕಡೆ ತಿರುಗಿ, ನಿನ್ನ ಒಪ್ಪಿಗೆ ಇದೆಯೇ ಎಂದು ಕೇಳಿದ.

"ಅಕಿನ್ನೂ ಕೇಳಿದ್ನಾ?" ಎಂದಳು ಅಕ್ಕ.

"ಕೇಳಿದ. ಆಕೆ ಇಲ್ಲ ಎಂದಳು" ಎಂದರು ಮಾದಾಮ್.

ನಾನು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಅಕ್ಕ ನನ್ನ ತೋಳು ಹಿಡಿದಳು. "ಒಲ್ಲೆ ಅಂದ್ಳಾ? ಅಷ್ಟು ಮಂದಿ ಮುಂದ?"

ಅಷ್ಟು ಮಂದಿಯ ಮುಂದೆಯೇ. ತಾಯಿಯ ದ್ರಾಕ್ಷಿತೋಟ ಮೊದಲು ತನ್ನ ಕೈಗೆ ಬರಲಿ, ಆಮೇಲೆ ಕಾಡಿನ ಮಾತು ಎಂದಳಂತೆ. ಸಭೆಯಲ್ಲಿ ಗುಸುಗುಸು ಎದ್ದಿತು. ಹೆಂಗಸಿನ ಮಾತಿಗೆ ದೇವರ ಕೆಲಸ ನಿಲ್ಲಬೇಕೇ ಎಂದು ಒಬ್ಬ ಸರದಾರ ಸಿಟ್ಟಾದ. ಎಮೆರಿ ಅವನನ್ನು ಸುಮ್ಮನಿರಿಸಿ, ದ್ರಾಕ್ಷಿತೋಟ ಅಕ್ಕನದು ಎಂದು ಅಲ್ಲೇ ಸಾರಿದ. ಆಗ ಆಗ್ನೆಸ್ ಒಪ್ಪಿಗೆ ಕೊಟ್ಟಳು. ಮಠದವರು ಆ ದಿನದ ಸಂಗತಿ ಬರೆದಿಡುವಾಗ ಆಕೆ ಮೊದಲು ನಿರಾಕರಿಸಿದ್ದನ್ನೂ ಮುಚ್ಚಿಡದೆ ಬರೆದರು. ಹೀಗಾಗಿ ಈ ಕಥೆ ಉಳಿಯಿತು.

ಆಮೇಲೆ ಎಮೆರಿ ಬಹಳ ಕಾಲ ಬದುಕಲಿಲ್ಲ. ಜೀವಮಾನವಿಡೀ ಕಾದ ಕುರ್ಚಿಯ ಮೇಲೆ ಅವನು ಕುಳಿತದ್ದು ಕೆಲವೇ ವರ್ಷ. ಚಿಕ್ಕಪ್ಪಂದಿರ ಜೊತೆ ಮಲಗುವುದು ಬೇಡ, ಅಕ್ಕ ಎಲ್ಲಿಯೋ ನಾನೂ ಅಲ್ಲೇ ಎಂದು ಹೇಳಿ ಸತ್ತ. ಅವನ ನಂತರ ತಮ್ಮ ಬಂದ. ತಮ್ಮನ ಮಕ್ಕಳ ಕಾಲಕ್ಕೆ ರಾಜನ ಸೈನ್ಯ ಬಂದು ಕೋಟೆ ಕೆಡವಿತು. ಚಿಕ್ಕಪ್ಪಂದಿರ ಸಮಾಧಿಗಳು ಎಲ್ಲಿದ್ದವೆಂಬುದೂ ಈಗ ಯಾರಿಗೂ ತಿಳಿಯದು.

ಮಾದಾಮ್ ಹೊರಗೆ ಹೋದರು. ಅಕ್ಕ ಆ ಹೆಂಗಸಿನ ಸವೆದ ಕಲ್ಲಿನ ಕೈಗಳನ್ನು ಮುಟ್ಟಿ, ನಮ್ಮ ಕಡೆ ದೊಡ್ಡವರ ಪಾದ ಮುಟ್ಟಿದ ಮೇಲೆ ಮಾಡುವ ಹಾಗೆ ಕೈಯನ್ನು ಕಣ್ಣಿಗೊತ್ತಿಕೊಂಡಳು. ನಾನು ಗೋಡೆಯ ಕಡೆ ನೋಡುತ್ತ ನಿಂತೆ.

ಮಾದಾಮ್ ಮನೆಯ ಫೋನು

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಣ್ಣನ ಫೋನು ಬಂತು. ನಾನೇ ತೆಗೆದುಕೊಂಡೆ. ಬಿಲ್ಡರ್ ಅವಸರ ಮಾಡುತ್ತಿದ್ದಾನೆ, ಕಾಗದಗಳೆಲ್ಲ ತಯಾರಾಗಿವೆ, ವಿಮಾನ ನಿಲ್ದಾಣಕ್ಕೇ ತರುತ್ತೇನೆ, ಅಕ್ಕ ಅಲ್ಲೇ ಸಹಿ ಹಾಕಿಬಿಡಲಿ ಎಂದ. ಅಕ್ಕ ಕೈಚಾಚಿ ಫೋನು ಇಸಿದುಕೊಂಡಳು.

"ಶ್ರೀಧರಾ, ಆರಾಮಿದ್ದೀಯೇನು? ... ಹಾಂ, ನಾವೂ ಆರಾಮ. ... ಇಲ್ಲಪಾ, ನಾ ಸಹಿ ಮಾಡಂಗಿಲ್ಲ."

ಅಣ್ಣನ ದನಿ ಏರಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಯಾರು ನಿನ್ನ ಕಿವಿ ಊದ್ಯಾರ? ಉಷಾ ಏನರ ಹೇಳಿದ್ಳೇನು?"

"ಉಷಾ ಏನೂ ಹೇಳಿಲ್ಲ. ನನಗೂ ಬಾಯಿ ಐತಿ."

"ಕಾನೂನು ಹೆಂಗೈತೋ ಹಂಗ ಮಾಡಾಕತ್ತೀನಿ ಅಕ್ಕಾ, ಅನ್ಯಾಯ ಏನ ಮಾಡೀನಿ?"

"ಅನ್ಯಾಯ ಅಂದ್ನೇನು ನಾ? ನೀ ಮನಿಗೆ ಬಾ. ಕುಷಾಯಿಗೂಡಕ್ಕ ಬಾ. ಮಾತಾಡೋಣು" ಎಂದಳು ಅಕ್ಕ.

ಅಣ್ಣ ಫೋನು ಇಟ್ಟುಬಿಟ್ಟ. ಅಕ್ಕ ಫೋನನ್ನು ಅದರ ಜಾಗದಲ್ಲಿಟ್ಟಳು. ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನ ಅಂವ ನನ್ನ ಕೂಡ ಮಾತಾಡ್ಲಿಕ್ಕಿಲ್ಲ. ಇರವ ಒಬ್ಬ ತಮ್ಮ" ಎಂದಳು. ನನಗೂ ಹಾಗೇ ಅನ್ನಿಸಿತ್ತು.

ಮಾದಾಮ್ ಒಂದು ಮಾತೂ ಕೇಳದೆ ಹೋಗಿ ಬಿಸಿನೀರು ಕಾಯಿಸಿ, ಅಕ್ಕನಿಗೆ ಇಷ್ಟವಾಗಿದ್ದ ಪುದೀನ ಚಹ ಮಾಡಿ ತಂದರು. ಅವಳ ಪಕ್ಕದಲ್ಲಿ ಕುಳಿತು, ಅವಳು ಕುಡಿದು ಮುಗಿಸುವವರೆಗೆ ಕೈ ಹಿಡಿದುಕೊಂಡಿದ್ದರು.

ಬೇಗಂಪೇಟೆ

ವಿಮಾನದ ಕಿಟಕಿಯಿಂದ ನಮ್ಮ ಊರಿನ ಬಂಡೆಗಳು, ಹುಸೇನ್‌ಸಾಗರದ ನೀರು ಕಂಡಾಗ ಅಕ್ಕ, "ಟ್ಯಾಕ್ಸಿ ಮಾಡ್ಕೊಂಡು ಹೋಗೋಣು, ಅಂವ ಬರಂಗಿಲ್ಲ" ಎಂದಳು.

ಬೇಗಂಪೇಟೆಯ ವಿಮಾನ ನಿಲ್ದಾಣದ ಹೊರಗೆ, ಕಂಬಿಗಳಿಗೆ ಒತ್ತಿ ನಿಂತ ಜನರ ನಡುವೆ ಅಣ್ಣ ಇದ್ದ. ಮುಖ ಬಾಡಿತ್ತು. ಕೈಯಲ್ಲಿ ಕಾಗದಗಳ ಚೀಲ ಇರಲಿಲ್ಲ. ನಮ್ಮ ಕ್ಷೇಮ ಕೇಳಲಿಲ್ಲ. ಅಕ್ಕನ ಪೆಟ್ಟಿಗೆ ಕಿತ್ತುಕೊಂಡವನ ಹಾಗೆ ತೆಗೆದುಕೊಂಡು ಕಾರಿನ ಕಡೆ ನಡೆದ. ಹಿಮಾಯತ್‌ನಗರದ ಕಡೆ ತಿರುಗುತ್ತಾನೆಂದುಕೊಂಡೆ. ತಿರುಗಲಿಲ್ಲ. ಸಿಕಂದರಾಬಾದ್ ದಾಟಿ ನೇರ ಕುಷಾಯಿಗೂಡಕ್ಕೆ ಬಂದ.

ಅಕ್ಕ ಬೀಗ ತೆಗೆದು, ಕಿಟಕಿಗಳನ್ನು ತೆರೆದು, ದೇವರ ಮುಂದೆ ದೀಪ ಹಚ್ಚಿದಳು. ಪ್ರಯಾಣದ ಸೀರೆಯಲ್ಲೇ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಒಳಗೆ ಬಂದು ಮಣೆಯ ಮೇಲೆ ಕುಳಿತ.

"ಅಕ್ಕಾ, ನಿನ್ನ ಮನಸಿನ್ಯಾಗ ಏನೈತಿ ಹೇಳು."

ಅಕ್ಕ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಮೂರು ಭಾಗ ಮಾಡು. ನಿನ್ನಷ್ಟ ನನಗ, ನನ್ನಷ್ಟ ಉಷಾಗ. ಧರ್ಮಕ್ಕ ಕೊಡಬ್ಯಾಡ, ನನ್ನದು ಅಂತ ಕೊಡು."

"ಅಷ್ಟು ಬೇಕಂತಿದ್ರ ಇಷ್ಟು ವರ್ಷ ಯಾಕ ಹೇಳ್ಲಿಲ್ಲ ನೀ?"

"ಇಷ್ಟು ವರ್ಷ ನೀ ಯಾಕ ಕೇಳ್ಲಿಲ್ಲ?"

ಅಣ್ಣ ತಲೆ ತಗ್ಗಿಸಿದ. ಅವನು ಅವತ್ತು ಆಗಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆಮೇಲೆ ಮನೆಯಲ್ಲಿ ವಾದಗಳಾದವು, ಅತ್ತಿಗೆ ಕೆಲವು ತಿಂಗಳು ನನ್ನ ಜೊತೆಯೂ ಮಾತು ಬಿಟ್ಟರು, ಆ ಬಿಲ್ಡರ್ ಸಾಕಾಗಿ ಬೇರೆ ಕಡೆ ಹೋದ. ಮಳೆಗಾಲ ಮುಗಿಯುವ ಹೊತ್ತಿಗೆ ಜಮೀನು ಮೂರು ಭಾಗವಾಯಿತು. ಅಕ್ಕ ತನ್ನ ಭಾಗಕ್ಕೆ ತಂತಿಬೇಲಿ ಹಾಕಿಸಿ, ಮಾರುವ ಮಾತು ಸದ್ಯಕ್ಕೆ ಬೇಡ ಎಂದಳು.

ಆದರೆ ಆ ದಿನ ಅಡುಗೆಮನೆಯಲ್ಲಿ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಅಕ್ಕ ತಟ್ಟೆಯಲ್ಲಿ ಬಿಸಿ ರೊಟ್ಟಿ, ಬೆಣ್ಣೆ ಇಟ್ಟು ತಮ್ಮನ ಮುಂದೆ ಸರಿಸಿದಳು. ಅವನು ಮುಟ್ಟುವುದಿಲ್ಲವೇನೋ ಎಂದು ನಾನು ನೋಡುತ್ತಿದ್ದೆ. ಅಪ್ಪ ಹೋದ ಮೇಲೆ ಅವನು ಈ ಮನೆಯಲ್ಲಿ ಊಟಕ್ಕೆ ಕೂತವನಲ್ಲ. ಬಂದರೂ ಹೊಸ್ತಿಲ ಬಳಿ ನಿಂತು ಹೋಗುತ್ತಿದ್ದ.

ಅಣ್ಣ ರೊಟ್ಟಿ ಮುರಿದ. ತಲೆಯೆತ್ತದೆ ತಿಂದ. ತಟ್ಟೆ ಬರಿದಾದ ಮೇಲೆ ಅದನ್ನು ಒಲೆಯ ಕಡೆ ಸರಿಸಿ, "ಇನ್ನೊಂದು ಹಾಕು ಅಕ್ಕಾ" ಎಂದ.